ಗುಂಡಿಗೊಂದು ಆ್ಯಪ್, ಆ್ಯಪ್‌ಗೊಂದು ಶಾಲು

ಬೆಂಗಳೂರಿನಲ್ಲಿ ರಸ್ತೆ ಗುಂಡಿಯ ಆ್ಯಪ್‌ಗೆ ಬರ ಇಲ್ಲ. ದೂರು ಕೊಡಲು ‘ಫಿಕ್ಸ್ ಮೈ ಸ್ಟ್ರೀಟ್’ ಬಂತು, ‘ಸಹಾಯ’ ಎಂಬ ಆ್ಯಪೂ ಬಂತು. ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳೂ ಬಂದವು, ಗುಂಡಿಗಳು ಮಾತ್ರ ಹಳೇ ವಿಳಾಸದಲ್ಲೇ ಇವೆ. ಬರ ಇರುವುದು ಡಾಂಬರಿಗೆ. ಆದರೂ ಊರಿನ ಯಾವ ಹ್ಯಾಕಥಾನ್‌ಗೆ (ಹಗಲೂ ರಾತ್ರಿ ಕೂತು ಸಾಫ್ಟ್‌ವೇರ್ ಮಾಡುವ ಸ್ಪರ್ಧೆ) ಹೋಗಿ ನೋಡಿ, ಗುಂಡಿ ಹುಡುಕುವ ಆ್ಯಪ್ ಮಾಡುವ ತಂಡ ಒಂದಾದರೂ ಇದ್ದೇ ಇರುತ್ತದೆ. ಗುಂಡಿ ಹುಡುಕೋಕೆ ಆ್ಯಪ್ ಯಾಕೆ ಸ್ವಾಮಿ? ಒಂದು ಸ್ಕೂಟರ್ ಸಾಕು. ಉಳಿದದ್ದನ್ನು ಸೊಂಟ ಹೇಳುತ್ತದೆ.

ಪೋಸ್ಟರ್‌ನಲ್ಲಿ 24 ಗಂಟೆಗಳ ಕೋಡಿಂಗ್ ಸ್ಪರ್ಧೆ, ಬೆಳಿಗ್ಗೆ 9ಕ್ಕೆ ಶುರು ಎಂದಿರುತ್ತದೆ. ಮುಖ್ಯ ಅತಿಥಿಗಳು ಟ್ರಾಫಿಕ್ ದಾಟಿ ಬರುವುದು ಹನ್ನೊಂದಕ್ಕೆ. ಆಮೇಲೆ ಪ್ರಾರ್ಥನೆ, ದೀಪ, ಸ್ವಾಗತ, ಪ್ರಾಸ್ತಾವಿಕ ನುಡಿ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಯುವಜನರು ಸಮಯಕ್ಕೆ ಬೆಲೆ ಕೊಡಬೇಕು ಎಂದು ಅತಿಥಿಗಳು ಮುಕ್ಕಾಲು ಗಂಟೆ ಹೇಳುತ್ತಾರೆ. ವಂದನಾರ್ಪಣೆ ಮುಗಿಯುವಷ್ಟರಲ್ಲಿ ಊಟದ ಸಾಲು ಶುರುವಾಗಿರುತ್ತದೆ. ವೈಫೈ ಪಾಸ್‌ವರ್ಡನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ವೈಫೈ ಒಂದು ಇರುವುದಿಲ್ಲ. ಎಲ್ಲರೂ ಸುಮ್ನೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತಾರೆ. ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕ ತಂಡ ಅರ್ಧ ಗೆದ್ದ ಹಾಗೆ, ಅದನ್ನು ಕಾಯಲೆಂದೇ ಒಬ್ಬನನ್ನು ಕೂರಿಸಿರುತ್ತಾರೆ.

ಹ್ಯಾಕಥಾನ್ ಎಂಬ ಹೆಸರು ಬಳಕೆಗೆ ಬಂದದ್ದು 1999ರಲ್ಲಿ. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದ ಹತ್ತು ಜನ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದರು. ಗೂಢಲಿಪಿಯ ಸಾಫ್ಟ್‌ವೇರನ್ನು ದೇಶದ ಹೊರಗೆ ಕಳಿಸಲು ಅಮೆರಿಕದ ಕಾನೂನಿನ ಕಾಟ ಇತ್ತು, ಅದಕ್ಕೇ ಕೆನಡಾ. ಬಂದರು, ಕೂತರು, ಕೋಡ್ ಬರೆದರು. ಶಾಲು ಹೊದಿಸಿದ ದಾಖಲೆ ಎಲ್ಲೂ ಇಲ್ಲ ಪಾಪ. ನಮ್ಮಲ್ಲಿ 2017ರಲ್ಲಿ ಕೇಂದ್ರ ಸರ್ಕಾರವೇ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಶುರು ಮಾಡಿತು, ಸಾಫ್ಟ್‌ವೇರ್ ವಿಭಾಗಕ್ಕೆ 36 ಗಂಟೆ. ಅಲ್ಲಿಂದ ಮುಂದೆ ಹ್ಯಾಕಥಾನ್ ಮಾಡದ ಕಾಲೇಜು ಅಂದರೆ ಬಸ್ಸಿಲ್ಲದ ಕಾಲೇಜು ಇದ್ದ ಹಾಗೆ, ಹೆಣ್ಣು ಕೊಡುವವರೂ ಯೋಚನೆ ಮಾಡುತ್ತಾರೆ.

ರಾತ್ರಿ ಹನ್ನೆರಡಕ್ಕೆ ಹಾಲ್‌ನಲ್ಲಿ ಒಂದು ಸುತ್ತು ಹಾಕಿ. ನಾಲ್ಕು ಜನರ ತಂಡದಲ್ಲಿ ಒಬ್ಬ ಚಾಟ್‌ಜಿಪಿಟಿಯ ಹತ್ತಿರ ಕೋಡ್ ಬರೆಸುತ್ತಿರುತ್ತಾನೆ. ಇನ್ನೊಬ್ಬಳು, ಈ ಕೋಡ್ ಏನು ಮಾಡುತ್ತದೆ ಎಂದು ಅದನ್ನೇ ಕೇಳುತ್ತಿರುತ್ತಾಳೆ. ಮೂರನೆಯವನು ನಿದ್ದೆ. ನಾಲ್ಕನೆಯವನದೇ ನಿಜವಾದ ಕೆಲಸ, ಅವನು ಸ್ಲೈಡ್ ಮಾಡುತ್ತಿರುತ್ತಾನೆ. ತಂಡದ ನಾಯಕ ಅವನೇ.

ಬೆಳಿಗ್ಗೆ ತೀರ್ಪುಗಾರರು ತಿಂಡಿ ತಟ್ಟೆ ಹಿಡಿದುಕೊಂಡೇ ಬರುತ್ತಾರೆ. ನಾನು ಹತ್ತಿರದಿಂದ ಕಂಡ ಒಂದು ಸ್ಪರ್ಧೆಯಲ್ಲಿ ಗುಂಡಿ ಆ್ಯಪ್‌ನ ಹುಡುಗ ಲ್ಯಾಪ್‌ಟಾಪ್‌ನಲ್ಲಿದ್ದ ಫೋಟೊ ತೋರಿಸಿದ. ಪತ್ತೆಯಾಯಿತು. ಇನ್ನೊಂದು ಫೋಟೊ, ಅದೂ ಪತ್ತೆಯಾಯಿತು. ತೀರ್ಪುಗಾರರಿಗೆ ಹುರುಪು ಬಂತು, ಕ್ಯಾಮೆರಾವನ್ನು ತಮ್ಮ ತಟ್ಟೆಯ ಕಡೆ ತಿರುಗಿಸಿದರು. ಉದ್ದಿನ ವಡೆಯ ಸುತ್ತ ಕೆಂಪು ಚೌಕ ಬಿತ್ತು. ಗುಂಡಿ ಪತ್ತೆಯಾಗಿದೆ. ಆಳ: ಮಧ್ಯಮ. ನೀರು ನಿಂತಿದೆ. (ಅದು ಸಾಂಬಾರ್.)

‘ಸರ್, ನಮ್ಮ ಮಾಡೆಲ್ ಅಷ್ಟು ಸೆನ್ಸಿಟಿವ್’ ಎಂದ ಹುಡುಗ, ಕಣ್ಣು ಮಿಟುಕಿಸದೆ.

ತೀರ್ಪುಗಾರರು ತಲೆದೂಗಿದರು. ಕೋಡ್ ಬಗ್ಗೆ ಒಂದು ಮಾತೂ ಇಲ್ಲ. ‘ರೆವಿನ್ಯೂ ಮಾಡೆಲ್ ಏನಪ್ಪಾ?’ ಎಂದು ಕೇಳಿದರು. ‘ಸರ್, ಗುಂಡಿ ಜಾಸ್ತಿ ಆದಷ್ಟೂ ನಮ್ಮ ಬಿಸಿನೆಸ್ ಜಾಸ್ತಿ. ಈ ಊರಲ್ಲಿ ಸ್ಕೇಲ್ ಆಗೋದು ಗ್ಯಾರಂಟಿ.’ ಇಡೀ ಹಾಲ್ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಆ ಮಾತಿನಲ್ಲಿ ಸುಳ್ಳೇನಿತ್ತು? ಮೊದಲ ಬಹುಮಾನ ಅವರಿಗೇ ಬಂತು. ಮೂಲೆಯಲ್ಲಿ ಕೂತಿದ್ದ ಇಬ್ಬರು ಹುಡುಗಿಯರು ಸರ್ಕಾರಿ ಪಿಡಿಎಫ್‌ಗಳಿಂದ ಕನ್ನಡ ಅಕ್ಷರ ಕೆಡದಂತೆ ಹೊರತೆಗೆಯುವ ಪ್ರೋಗ್ರಾಂ ಬರೆದಿದ್ದರು. ಅದು ನಿಜವಾಗಿಯೂ ಓಡುತ್ತಿತ್ತು. ತೀರ್ಪುಗಾರರು ‘ಇದರಲ್ಲಿ ಎಐ ಎಲ್ಲಿದೆಯಮ್ಮಾ?’ ಎಂದು ಕೇಳಿ ಮುಂದಕ್ಕೆ ಹೋದರು.

ಐಸಿಪಿಸಿ ಎಂಬ, ಕಾಲೇಜು ವಿದ್ಯಾರ್ಥಿಗಳ ಹಳೇ ಕೋಡಿಂಗ್ ಸ್ಪರ್ಧೆಯೊಂದು ಇನ್ನೂ ನಡೆಯುತ್ತಿದೆ. ಮೂವರಿಗೆ ಒಂದೇ ಕಂಪ್ಯೂಟರ್, 5 ಗಂಟೆ, ಕೈಯಲ್ಲಿ ಲೆಕ್ಕಗಳ ಹಾಳೆ. ಒಂದು ಲೆಕ್ಕ ಬಿಡಿಸಿದರೆ ಒಂದು ಬಲೂನ್. ಉತ್ತರ ನೋಡುವುದು ಯಂತ್ರ. ತಪ್ಪಿದ್ದರೆ ತಪ್ಪು ಅನ್ನುತ್ತದೆ, ಅಷ್ಟೇ. ನಿಮ್ಮ ಸ್ಲೈಡ್ ನೋಡಲ್ಲ, ರೆವಿನ್ಯೂ ಮಾಡೆಲ್ ಕೇಳಲ್ಲ. ಇಂಥದ್ದನ್ನು ಊರೂರಲ್ಲಿ ಮಾಡಬಹುದಲ್ವಾ ಎಂದು ಒಬ್ಬ ಸಂಘಟಕರನ್ನು ಕೇಳಿದೆ. ‘ಮಾಡಬಹುದು ಸಾರ್, ಆದರೆ ಯಂತ್ರಕ್ಕೆ ಶಾಲು ಹೊದಿಸಿದರೆ ಪೇಪರ್‌ನಲ್ಲಿ ಫೋಟೊ ಬರುತ್ತಾ?’ ಎಂದರು.

ಗೆದ್ದ ತಂಡದ ಹುಡುಗ ಮೊನ್ನೆ ಸಿಕ್ಕಿದ್ದ. ಆ್ಯಪ್ ಏನಾಯಿತು ಎಂದೆ. ಅದನ್ನು ಓಡಿಸುತ್ತಿದ್ದ ಕ್ಲೌಡ್‌ನ (ಬಾಡಿಗೆ ಕಂಪ್ಯೂಟರ್‌ನ) ಫ್ರೀ ಟ್ರಯಲ್ ಮುಗಿದುಹೋಯಿತಂತೆ. ಮುಂದಿನ ವಾರ ಮೈಸೂರಿನಲ್ಲಿ ಇನ್ನೊಂದು ಹ್ಯಾಕಥಾನ್ ಇದೆ, ಅಲ್ಲಿ ವಿಷಯ ಕಸ. ತಯಾರಿ ಹೇಗಿದೆ ಎಂದು ಕೇಳಿದ್ದಕ್ಕೆ, ‘ಆಯ್ತು ಸಾರ್, ಸ್ಲೈಡ್‌ನಲ್ಲಿ ಗುಂಡಿ ಅಂತ ಇದ್ದಲ್ಲೆಲ್ಲ ಕಸ ಅಂತ ಬದಲಾಯಿಸಿದ್ದೀನಿ. ವಡೆ ಪ್ಲೇಟ್ ಮಾತ್ರ ದೂರ ಇಡಬೇಕು’ ಎಂದ.