ಸ್ಪಷ್ಟನೆ: ಗೇರ್‌ಲೆಸ್ ಸ್ಕೂಟರಿಗೂ ಗೇರ್ ಆಯಿಲ್ ಬೇಕು

‘ಗೇರ್‌ಲೆಸ್ ಸ್ಕೂಟರಿನಲ್ಲಿ ಗೇರೇ ಇಲ್ಲ, ಗೇರ್ ಆಯಿಲ್ ಬದಲಿಸಬೇಕೆನ್ನುವ ಮೆಕ್ಯಾನಿಕ್ ಹಣ ಕೀಳುತ್ತಿದ್ದಾನೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಮಾತು ಸರಿಯಲ್ಲ. ಪೆಟ್ರೋಲ್ ಸ್ಕೂಟರಿನಲ್ಲಿ ಸವಾರ ಬದಲಿಸಬೇಕಾದ ಗೇರುಗಳಿಲ್ಲ, ಅಷ್ಟೆ. ಎಡಬದಿಯ ಕವಚದೊಳಗೆ ಎರಡು ಪುಲ್ಲಿಗಳ ನಡುವೆ ರಬ್ಬರ್ ಬೆಲ್ಟ್ ಓಡುತ್ತದೆ. ಎಂಜಿನ್ ವೇಗ ಹೆಚ್ಚಿದಂತೆ ಮುಂದಿನ ಪುಲ್ಲಿಯೊಳಗಿನ ರೋಲರುಗಳು ಹೊರಕ್ಕೆ ಸರಿದು, ಅದರ ಎರಡು ತಟ್ಟೆಗಳನ್ನು ಹತ್ತಿರ ತಂದು ಬೆಲ್ಟನ್ನು ಅಂಚಿನತ್ತ ದೂಡುವುದರಿಂದ ಎಂಜಿನ್ ವೇಗಕ್ಕೂ ಚಕ್ರದ ವೇಗಕ್ಕೂ ಇರುವ ಅನುಪಾತವು ತಾನಾಗಿಯೇ ಬದಲಾಗುತ್ತದೆ. ಈ ಭಾಗಕ್ಕೆ ಎಣ್ಣೆ ಸೋಕಲೇಬಾರದು, ಸೋಕಿದರೆ ಬೆಲ್ಟ್ ಜಾರುತ್ತದೆ. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಯೇ. ಆದರೆ ಅಲ್ಲಿಂದ ಹಿಂದಿನ ಚಕ್ರಕ್ಕೆ ಶಕ್ತಿ ತಲುಪುವ ಮುನ್ನ ವೇಗ ತಗ್ಗಿಸುವ ಹಲ್ಲುಚಕ್ರಗಳಿದ್ದು, ಅವು ಪ್ರತ್ಯೇಕ ಪೆಟ್ಟಿಗೆಯಲ್ಲಿ ಗೇರ್ ಆಯಿಲ್‌ನಲ್ಲಿಯೇ ತಿರುಗುತ್ತವೆ. 110 ಸಿಸಿ ಸ್ಕೂಟರಿಗೆ ಅದು ಸುಮಾರು 100ರಿಂದ 120 ಮಿ.ಲೀ., ಅಂದರೆ ಒಂದು ಲೋಟ ಕಾಫಿಯಷ್ಟು. ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕೆಂಬುದನ್ನು ವಾಹನದ ಕೈಪಿಡಿಯಲ್ಲಿ ನೋಡಿಕೊಳ್ಳಬಹುದು.