ಹುಡುಕುವ ಮೊದಲೇ ‘ಗಯಾ’ ಅನ್ನಬೇಡಿ

ಭಾನುವಾರದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ, ಇವತ್ತು ಬರೆದೇ ಬಿಡುತ್ತೇನೆ. ನನ್ನ ಸಿಟ್ಟೆಲ್ಲ ಒಂದು ಶಬ್ದದ ಮೇಲೆ. ‘ಗಯಾ.’ ಹಿಂದಿಯಲ್ಲಿ ‘ಹೋಯಿತು’ ಅಂತ. ಕಂಪ್ಯೂಟರ್ ನೋಡಲು ಬಂದವರು ಎರಡು ನಿಮಿಷ ಮೌಸ್ ಆಡಿಸಿ, ಕುರ್ಚಿಯಿಂದ ಏಳುತ್ತ ಹೇಳುವ ಆ ಶಬ್ದ.

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆ ಈ ಸಲ ನನ್ನ ಹೆಗಲಿಗೆ ಬಂದಿರುವುದು ನಿಮಗೆಲ್ಲ ಗೊತ್ತೇ ಇದೆ. ಡೊಂಬಿವಲಿ ಆಫೀಸಿನ ಹಳೆಯ ಕಂಪ್ಯೂಟರಿನ ಮೇಲ್ ತಂತ್ರಾಂಶ ಔಟ್‌ಲುಕ್‌ನಲ್ಲಿ ಸಂಘದ 11 ವರ್ಷದ ಪತ್ರವ್ಯವಹಾರ ಇದೆ. ಈ ಸಂಚಿಕೆಗೆ ಬಂದ 23 ಲೇಖನಗಳೂ ಅಲ್ಲೇ. ಕಳೆದ ವಾರ ಹಿತೈಷಿಯೊಬ್ಬರು ಸಂಘಕ್ಕೆ ಒಂದು ಸರ್ವರ್ ಕೊಟ್ಟರು. ಮೂರೂ ಕಂಪ್ಯೂಟರುಗಳನ್ನು ಅದಕ್ಕೆ ಜೋಡಿಸಿ ಡೊಮೇನ್ (ಎಲ್ಲರ ಲಾಗಿನ್ನನ್ನೂ ಒಂದೇ ಸರ್ವರ್ ನೋಡಿಕೊಳ್ಳುವ ಏರ್ಪಾಡು) ಮಾಡುವುದು, ಎಲ್ಲರಿಗೂ ಹೊಸ ಲಾಗಿನ್ ಕೊಡುವುದು ಅಂತ ತೀರ್ಮಾನವಾಯಿತು. ಶನಿವಾರ ಕಂಪ್ಯೂಟರ್ ರಿಪೇರಿಯ ಹುಡುಗ ಬಂದು ಮಾಡಿ ಹೋದ. ಅದರಲ್ಲಿ ಯಾರ ಏನೇನಿದೆ ಅಂತ ಒಬ್ಬರನ್ನೂ ಕೇಳಲಿಲ್ಲ.

ಭಾನುವಾರ ಮೆಗಾಬ್ಲಾಕ್, ಹಳಿ ರಿಪೇರಿಗೆ ಲೋಕಲ್ ಟ್ರೇನುಗಳು ಕಡಿಮೆ. ಮುಲುಂಡಿನಿಂದ ನಿಂತುಕೊಂಡೇ ಬಂದು ಔಟ್‌ಲುಕ್ ತೆರೆದರೆ, ನಿಮ್ಮ ಇಮೇಲ್ ವಿಳಾಸ ಹಾಕಿ ಎನ್ನುವ ಖಾಲಿ ಡಬ್ಬಿ. ಒಂದೂ ಮೇಲ್ ಇಲ್ಲ. ಕೈಕಾಲು ತಣ್ಣಗಾಯಿತು. ಹುಡುಗನಿಗೆ ಫೋನ್ ಹಚ್ಚಿದೆ. “ಆಂಟಿ, ಡೊಮೇನ್ ಮೇ ಡಾಲಾ ನಾ, ಪುರಾನಾ ಸಬ್ ಗಯಾ. ನಯಾ ಅಕೌಂಟ್ ಬನಾ ಲೋ.” ಹಳೆಯದೆಲ್ಲ ಹೋಯಿತು, ಹೊಸ ಅಕೌಂಟ್ ಮಾಡಿಕೊಳ್ಳಿ ಅಂತ.

ಎಲ್ಲಿಗೆ ಹೋಯಿತು? ನೋಡಿದ್ದೀಯಾ? ನೋಡಿಲ್ಲ!

ಆ 23ರಲ್ಲಿ ನಮ್ಮ ಮಾಸ್ಟ್ರ ಲೇಖನವೂ ಒಂದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ನೆನಪು. ಹಗಲೆಲ್ಲ ಹೋಟೆಲಿನಲ್ಲಿ ಗ್ಲಾಸು ತೊಳೆದ ಹುಡುಗರು ಸಂಜೆ ಕೈ ಒರೆಸಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಿದ್ದದ್ದು, ತೂಕಡಿಸುವ ಹುಡುಗನನ್ನು ಎಬ್ಬಿಸಲು ಇವರಿಗೇ ಮನಸ್ಸು ಬಾರದೆ ಇದ್ದದ್ದು. ಮಾಸ್ಟ್ರಿಗೆ ಈಗ 84. ಕೈ ನಡುಗುತ್ತದೆ. ಅವರು ಹೇಳುತ್ತ ಹೋದದ್ದನ್ನು ಮೊಮ್ಮಗ ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದ. ಈಗ ಮೊಮ್ಮಗ ಊರಲ್ಲಿಲ್ಲ, ಅವನ ಲ್ಯಾಪ್‌ಟಾಪೂ ಬದಲಾಗಿದೆ. ‘ಇನ್ನೊಮ್ಮೆ ಹೇಳಿ ಮಾಸ್ಟ್ರೇ’ ಅಂತ ಯಾವ ಬಾಯಲ್ಲಿ ಕೇಳಲಿ?

ಏನೂ ಹೋಗಿರಲಿಲ್ಲ. ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕಂಪ್ಯೂಟರನ್ನು ಡೊಮೇನ್‌ಗೆ ಸೇರಿಸಿ ಹೊಸ ಲಾಗಿನ್ ಕೊಟ್ಟರೆ, ಹೆಸರು ಅದೇ ಇದ್ದರೂ ವಿಂಡೋಸ್‌ಗೆ ನೀವು ಬೇರೆ ಮನುಷ್ಯ. ನಿಮಗೆ ಹೊಸ ಡೆಸ್ಕ್‌ಟಾಪ್, ಹೊಸ ಡಾಕ್ಯುಮೆಂಟ್ಸ್ ಎಲ್ಲ ಮಾಡಿಕೊಡುತ್ತದೆ. ಮೇಲ್ ಖಾತೆಯ ಸೆಟ್ಟಿಂಗ್‌ಗಳು ಆಯಾ ಲಾಗಿನ್‌ಗೆ ಅಂಟಿಕೊಂಡಿರುವುದರಿಂದ ಹೊಸಬರಿಗೆ ಔಟ್‌ಲುಕ್ ಖಾಲಿ ಕಾಣುತ್ತದೆ. ಹಳೆಯ ಲಾಗಿನ್ನಿನ ಮನೆ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ಹಳೆಯ ಹೆಸರಿನಲ್ಲೇ, ಇದ್ದ ಹಾಗೇ ಇರುತ್ತದೆ.

ನಾನು ಮಾಡಿದ್ದು ಇಷ್ಟೇ. ಲಾಗಿನ್ ಪರದೆಯಲ್ಲಿ ‘ಅದರ್ ಯೂಸರ್’ ಒತ್ತಿ, ಹೆಸರಿನ ಜಾಗದಲ್ಲಿ ಮೊದಲು ಒಂದು ಚುಕ್ಕೆ, ಅದರ ಪಕ್ಕ ಬ್ಯಾಕ್‌ಸ್ಲ್ಯಾಶ್, (.\) ಆಮೇಲೆ ಹಳೆಯ ಹೆಸರು. ಕೆಳಗೆ ಹಳೆಯ ಪಾಸ್‌ವರ್ಡ್. ಆ ಚುಕ್ಕೆ ಅಂದರೆ ‘ಡೊಮೇನ್ ಅಲ್ಲ, ಇದೇ ಕಂಪ್ಯೂಟರಿನ ಲಾಗಿನ್’ ಅಂತ. ಎಂಟರ್ ಒತ್ತಿದೆ. ರಾಜ್ಯೋತ್ಸವದ ದಿನ ತೆಗೆದ ಗ್ರೂಪ್ ಫೋಟೋ, ನಮ್ಮ ಹಳೆಯ ವಾಲ್‌ಪೇಪರ್, ಪರದೆ ತುಂಬ ಬಂತು. ಔಟ್‌ಲುಕ್ ತೆರೆದೆ. 23 ಲೇಖನವೂ ಇತ್ತು. ಒಬ್ಬಳೇ ಕೂತು ಅತ್ತುಬಿಟ್ಟೆ.

ಆಮೇಲೆ ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಪುಸ್ತಕಕ್ಕೆ ಇಳಿಸಿಕೊಂಡೆ. ಮೇಲ್ ಒಳಬರುವ ಸರ್ವರಿನ ಹೆಸರು, ಅದರ ಬಾಗಿಲ ಸಂಖ್ಯೆ ಅಂದರೆ ಪೋರ್ಟ್ 995. ಹೊರಹೋಗುವುದಕ್ಕೆ 587. ಅಲ್ಲೇ ‘ಡಾಟಾ ಫೈಲ್ಸ್’ ಎಂಬ ಕಡೆ ಮೇಲ್‌ಗಳ ಪಿಎಸ್‌ಟಿ ಫೈಲ್ ಎಲ್ಲಿದೆ ಅಂತ ಪೂರ್ತಿ ವಿಳಾಸ ಇರುತ್ತದೆ. ಔಟ್‌ಲುಕ್ ಮುಚ್ಚಿ, ಆ ಫೈಲನ್ನು ಡಿ ಡ್ರೈವಿಗೆ ಒಂದು, ಪೆನ್‌ಡ್ರೈವಿಗೆ ಒಂದು ಕಾಪಿ ಮಾಡಿದೆ. ಹೊಸ ಲಾಗಿನ್‌ನಲ್ಲಿ ಖಾತೆ ಸೇರಿಸಿ, ಡಿ ಡ್ರೈವಿನ ಫೈಲನ್ನು ಅಲ್ಲಿಂದಲೇ ತೆರೆದೆ. ಪಾಸ್‌ವರ್ಡ್ ಮಾತ್ರ ಹೀಗೆ ಎತ್ತಿ ತರಲು ಬರುವುದಿಲ್ಲ, ಅದನ್ನು ವಿಂಡೋಸ್ ಹಳೆಯ ಲಾಗಿನ್ನಿಗೇ ಬೀಗ ಹಾಕಿ ಇಟ್ಟಿರುತ್ತದೆ. ನಮ್ಮ ಕಾರ್ಯದರ್ಶಿಗಳು ಡೈರಿಯಲ್ಲಿ ಬರೆದಿಟ್ಟಿದ್ದರಿಂದ ಬದುಕಿಕೊಂಡೆ. ಪಿಎಸ್‌ಟಿಯನ್ನು ಸಂಘದ ಹೊಸ ಸರ್ವರಿನಲ್ಲೇ ಇಟ್ಟು ಅಲ್ಲಿಂದ ತೆರೆಯಿರಿ ಅಂತ ಹುಡುಗ ಆಮೇಲೆ ಹೇಳಿದ. ಅದು ಬೇಡ. ನೆಟ್‌ವರ್ಕ್ ಮೇಲಿನಿಂದ ತೆರೆದರೆ ಆ ಫೈಲ್ ಕೆಡುವ ಅಪಾಯ ಇದೆ, ಹಾಗೆ ಬಳಸಬೇಡಿ ಅಂತ ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ಲಾಗಿನ್‌ನಲ್ಲಿ ಮಾಸ್ಟ್ರ ಲೇಖನ ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಮೇಲೆ ಓರೆ ಗೀಟುಗಳು, ‘ಕನ್ನಡ’ ಅಂತ ಇರಬೇಕಾದ ಕಡೆ ನಡುವೆ ಪೌಂಡಿನ ಚಿಹ್ನೆ. ಸೋಮವಾರ ಬಂದ ಹುಡುಗ ನೋಡಿ ಮತ್ತೆ ಅದನ್ನೇ ಅಂದ. “ಫೈಲ್ ಕರಪ್ಟ್ ಹೈ ಆಂಟಿ, ಗಯಾ.” ಆಗ ನನಗೆ ತಡೆಯಲಾಗಲಿಲ್ಲ, ಜೋರು ಮಾಡಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹ ಆ ಫಾಂಟ್ ಇಲ್ಲದ ಕಡೆ ಹಾಗೇ ಕಾಣುತ್ತದೆ. 2018ರ ಕೊನೆಯಲ್ಲಿ ಬಂದ ವಿಂಡೋಸ್ 10 ಅಪ್‌ಡೇಟಿನ ನಂತರ ಸುಮ್ಮನೆ ‘ಇನ್‌ಸ್ಟಾಲ್’ ಒತ್ತಿದರೆ ಫಾಂಟ್ ಆ ಒಂದು ಲಾಗಿನ್ನಿಗೆ ಮಾತ್ರ ಸೇರುತ್ತದೆ. ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಒತ್ತಿದೆ, ಫೈಲ್ ಮುಚ್ಚಿ ತೆರೆದೆ. ಪೌಂಡಿನ ಚಿಹ್ನೆ ಹೋಗಿ ‘ನ’ ಬಂತು.

ಎಲ್ಲವನ್ನೂ ವೆಬ್‌ನಲ್ಲೇ ಇಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ ಅಂತ ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಹೌದು, ಮೇಲ್ ತರಿಸುವ ವಿಧಾನ ಐಮ್ಯಾಪ್ (IMAP) ಆಗಿದ್ದಿದ್ದರೆ ಮೇಲ್‌ಗಳು ಮೇಲ್ ಕಂಪನಿಯ ಸರ್ವರಿನಲ್ಲೇ ಉಳಿಯುತ್ತಿದ್ದವು. ನಮ್ಮದು ಪಾಪ್ (POP) ಎಂಬ ಇನ್ನೊಂದು ವಿಧಾನ. ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಅಲ್ಲಿಂದ ಅಳಿಸುವ ಹಾಗೆ ಯಾರೋ 11 ವರ್ಷದ ಹಿಂದೆ ಇಟ್ಟಿದ್ದರು. ಮುಂದೆ ಬದಲಾಯಿಸುತ್ತೇವೆ. ಆದರೆ ಎಲ್ಲಿಟ್ಟಿದ್ದಾರೆ ಅನ್ನುವುದಲ್ಲ ನನ್ನ ತಕರಾರು. ಇನ್ನೊಬ್ಬರ ಸಾಮಾನು ಎಲ್ಲಿದೆ ಅಂತ ನೋಡದೆ ಇಲ್ಲ ಅನ್ನುವ ಅಧಿಕಾರ ಯಾರು ಕೊಟ್ಟರು? ಹುಡುಗ ದಿನಕ್ಕೆ ಎಂಟು ಕಡೆ ಓಡಬೇಕು, ಸಿಗುವುದು ಕಡಿಮೆ, ನನಗೂ ಗೊತ್ತು. ನನ್ನ ಮಗನ ವಯಸ್ಸಿನವನು. ಆದರೂ ಯೂಸರ್ಸ್ ಫೋಲ್ಡರ್ ತೆರೆದು ನೋಡಲು ಒಂದು ನಿಮಿಷ ಸಾಕು.

ಈ ಶಬ್ದ ನನಗೆ ಯಾಕಿಷ್ಟು ಚುಚ್ಚುತ್ತದೆ ಅಂತ ಯಾರಿಗೂ ಹೇಳಿಲ್ಲ. 2013ರಲ್ಲಿ ಮನೆಯ ಕಂಪ್ಯೂಟರಿಗೂ ಒಬ್ಬರು ‘ಗಯಾ’ ಅಂದಿದ್ದರು. ನಂಬಿದೆ. ಫಾರ್ಮ್ಯಾಟ್ ಮಾಡಿ ಅಂದೆ. ಅಣ್ಣ ಮಸ್ಕತ್ತಿಗೆ ಹೋದ ಹೊಸದರಲ್ಲಿ ಪ್ರತಿ ಶುಕ್ರವಾರ ಬರೆಯುತ್ತಿದ್ದ ಮೇಲ್‌ಗಳೆಲ್ಲ ಅದರಲ್ಲಿದ್ದವು. ಅವು ಆಗ ಅಲ್ಲೇ ಇದ್ದವು, ಬೇರೆ ಫೋಲ್ಡರಿನಲ್ಲಿ. ಅಳಿಸಿದ್ದು ನಾವು. ಅಣ್ಣ ಇಲ್ಲಿ ಓದಿದರೆ ಓದಲಿ.

ಸೋಮವಾರ ಹೋಗುವ ಮೊದಲು ಹುಡುಗ, “ಆಂಟಿ, ಆ ಚುಕ್ಕೆಯದು ಒಮ್ಮೆ ತೋರಿಸಿ” ಅಂದ. ತೋರಿಸಿದೆ. ಬಿಲ್ ಪುಸ್ತಕದ ಹಿಂದೆ ಬರೆದುಕೊಂಡ. ರಾತ್ರಿ ಮನೆಗೆ ಬಂದು ಮಾಸ್ಟ್ರಿಗೆ ಫೋನ್ ಮಾಡಿ, ಲೇಖನ ನಾಳೆ ಡಿಟಿಪಿಗೆ ಹೋಗುತ್ತದೆ ಅಂದೆ. ನಡೆದದ್ದೇನೂ ಅವರಿಗೆ ಗೊತ್ತಿಲ್ಲ. “ಎರಡನೇ ಪುಟದಲ್ಲಿ ಒಬ್ಬ ಹುಡುಗನ ಊರು ತಪ್ಪಾಗಿದೆ ಮಗಾ, ಅವನು ಕಾರ್ಕಳದವನಲ್ಲ, ಹೆಬ್ರಿಯವನು. ತಿದ್ದಿ ಕೊಡು” ಅಂದರು.