ದೀರ್ಘಾಯುಷ್ಮಾನ್ ಭವ, ಷರತ್ತುಗಳು ಅನ್ವಯಿಸುತ್ತವೆ

ಜಪಾನ್ ಸರ್ಕಾರವು 1963ರಲ್ಲಿ ಒಂದು ಸತ್ಸಂಪ್ರದಾಯವನ್ನು ಆರಂಭಿಸಿತು. ನೂರು ವರ್ಷ ತುಂಬಿದ ಪ್ರತಿಯೊಬ್ಬರಿಗೂ ಪ್ರಧಾನಮಂತ್ರಿಯ ಅಭಿನಂದನಾ ಪತ್ರದ ಜೊತೆಗೆ ಅಚ್ಚ ಬೆಳ್ಳಿಯ ಬಟ್ಟಲೊಂದನ್ನು ಕೊಡುವ ಸಂಪ್ರದಾಯ ಅದು. ಆ ವರ್ಷ ಇಡೀ ದೇಶದಲ್ಲಿದ್ದ ಶತಾಯುಷಿಗಳು 153 ಮಂದಿ. ಅಷ್ಟು ಬಟ್ಟಲುಗಳಿಂದ ಯಾವ ಬೊಕ್ಕಸವೂ ಬರಿದಾಗುವುದಿಲ್ಲವಾದ್ದರಿಂದ ಹಿರಿಯರ ಮೇಲಿನ ಗೌರವಕ್ಕೆ ಅಡ್ಡಿಯೇನೂ ಇರಲಿಲ್ಲ. ಆದರೆ ಮುಂದೆ ಯಾರೂ ನಿರೀಕ್ಷಿಸದ ಅನಾಹುತವೊಂದು ನಡೆದುಹೋಯಿತು: ಜನರು ನಿಜವಾಗಿಯೂ ನೂರು ವರ್ಷ ಬದುಕತೊಡಗಿದರು. 2009ರಲ್ಲಿ ಬಟ್ಟಲನ್ನು ಕಿರಿದು ಮಾಡಲಾಯಿತು. 2015ರಲ್ಲಿ, ಆ ವರ್ಷ ನೂರು ಮುಟ್ಟಿದ ಇಪ್ಪತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಬಟ್ಟಲು ಹಂಚಲು ಸುಮಾರು 26 ಕೋಟಿ ಯೆನ್ ಖರ್ಚಾದ ಮೇಲೆ ಸರ್ಕಾರಕ್ಕೆ ಜ್ಞಾನೋದಯವಾಯಿತು. 2016ರಿಂದ ಅಚ್ಚ ಬೆಳ್ಳಿ ಹೋಗಿ ಬೆಳ್ಳಿಯ ಲೇಪನ ಬಂದಿತು, ಬಟ್ಟಲೊಂದರ ವೆಚ್ಚ ಅರ್ಧಕ್ಕಿಳಿಯಿತು. 2025ರ ಸೆಪ್ಟೆಂಬರಿನಲ್ಲಿ ಆ ದೇಶದ ಶತಾಯುಷಿಗಳ ಸಂಖ್ಯೆ 99,763. ಅಭಿನಂದನೆಯ ಮಾತುಗಳಿಗೆ ಮಾತ್ರ ಯಾವ ಉಳಿತಾಯ ಕ್ರಮವೂ ಬೇಕಾಗಲಿಲ್ಲ, ಏಕೆಂದರೆ ಅವು ಮೊದಲಿನಿಂದಲೂ ಲೇಪನವೇ ಆಗಿದ್ದವು.

ಇದನ್ನು ಒಂದು ದೇಶದ ಜಿಪುಣತನವೆಂದು ನಕ್ಕು ಬಿಡುವಂತಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದುದ್ದಕ್ಕೂ ಅನೇಕ ಸರ್ಕಾರಗಳು, ಅದರಲ್ಲೂ ಏಷ್ಯಾದ ಸರ್ಕಾರಗಳು, ತಮ್ಮ ಪ್ರಜೆಗಳಿಗೆ ಬಿಡುವಿಲ್ಲದೆ ಮಾಡಿದ ಉಪದೇಶಗಳು ಎರಡು: ಆರೋಗ್ಯ ನೋಡಿಕೊಂಡು ಹೆಚ್ಚು ಕಾಲ ಬದುಕಿ, ಮಕ್ಕಳನ್ನು ಮಾತ್ರ ಕಡಿಮೆ ಹೆರಿ. ಲಸಿಕೆ ಹಾಕಿದರು, ಗೋಡೆಗಳ ಮೇಲೆ ಘೋಷಣೆ ಬರೆಸಿದರು, ಮಾತು ಕೇಳದವರಿಗೆ ಕೆಲವೆಡೆ ದಂಡವನ್ನೂ ಹಾಕಿದರು. ಪ್ರಜೆಗಳು ಸರ್ಕಾರದ ಮಾತನ್ನು ಚಾಚೂ ತಪ್ಪದೆ ಪಾಲಿಸುವುದು ಇತಿಹಾಸದಲ್ಲಿ ಅಪರೂಪ. ಈ ಎರಡು ವಿಷಯಗಳಲ್ಲಿ ಅವರು ಪಾಲಿಸಿದರು. ಈಗ ಅದೇ ಸರ್ಕಾರಗಳು ಮುದುಕರು ಹೆಚ್ಚಾದರು, ಮಕ್ಕಳು ಕಡಿಮೆಯಾದರು ಎಂದು ತಲೆಯ ಮೇಲೆ ಕೈ ಹೊತ್ತು ಕುಳಿತು ಸಮಿತಿಗಳನ್ನು ರಚಿಸುತ್ತಿವೆ. ಹೇಳಿದ್ದನ್ನು ಕೇಳಿದ್ದೇ ಪ್ರಜೆಗಳ ತಪ್ಪಾಯಿತು.

ಸಮಿತಿಗಳ ಕೈಯಲ್ಲಿರುವ ಮುಖ್ಯ ಆಯುಧ ‘ಅವಲಂಬನಾ ಅನುಪಾತ’ ಎಂಬ ಒಂದು ಭಾಗಾಕಾರ. ಹದಿನೈದರಿಂದ ಅರವತ್ತನಾಲ್ಕರವರೆಗಿನವರೆಲ್ಲ ದುಡಿದು ಸಾಕುವವರು, ಅರವತ್ತೈದು ತುಂಬಿದವರೆಲ್ಲ ಅವರ ಹೆಗಲೇರಿದವರು ಎಂಬುದು ಇದರ ಮೂಲ ನಂಬಿಕೆ. ಈ ಲೆಕ್ಕದ ಪ್ರಕಾರ ಪದವಿ ಮುಗಿಸಿ, ಕೆಲಸ ಸಿಗದೆ, ಮಧ್ಯಾಹ್ನದವರೆಗೂ ಹಾಸಿಗೆಯಲ್ಲೇ ಮೊಬೈಲು ನೋಡುತ್ತಿರುವ ಇಪ್ಪತ್ತನಾಲ್ಕರ ಮೊಮ್ಮಗ ದೇಶದ ಆಧಾರಸ್ತಂಭ. ಆ ಮೊಬೈಲಿಗೆ ತನ್ನ ಪಿಂಚಣಿಯಿಂದ ಕರೆನ್ಸಿ ಹಾಕಿಸುವ ಅರವತ್ತೇಳರ ಅಜ್ಜಿ ಅವನ ಮೇಲೆ ಅವಲಂಬಿತಳು. ಅರವತ್ತೈದನೆಯ ಹುಟ್ಟುಹಬ್ಬದ ಹಿಂದಿನ ರಾತ್ರಿ ಸಂಪನ್ಮೂಲವಾಗಿ ಮಲಗಿದ ಮನುಷ್ಯ ಮರುದಿನ ಬೆಳಿಗ್ಗೆ ಹೊರೆಯಾಗಿ ಏಳುತ್ತಾನೆ. ಆ ರಾತ್ರಿ ಅವನ ದೇಹದಲ್ಲಿ ಏನು ಬದಲಾಯಿತೆಂಬುದನ್ನು ವೈದ್ಯಶಾಸ್ತ್ರ ಇನ್ನೂ ಕಂಡುಹಿಡಿದಿಲ್ಲ.

ಅದೇ ಅಜ್ಜಿಯ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮಗಳು ಏಳೂವರೆಗೆ ಆಫೀಸಿಗೆ ಹೊರಟರೆ, ಮಗುವನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ಶಾಲೆಯ ವಾಹನಕ್ಕೆ ಹತ್ತಿಸುವುದು, ಮಧ್ಯಾಹ್ನ ಇಳಿಸಿಕೊಂಡು ಊಟ ಮಾಡಿಸಿ ಮಗ್ಗಿ ಹೇಳಿಸುವುದು, ನಡುವೆ ಎಪ್ಪತ್ತೈದರ ಗಂಡನಿಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಡುವುದು ಆಕೆಯ ಪಾಲು. ಮಗಳ ಸಂಬಳ ರಾಷ್ಟ್ರೀಯ ಉತ್ಪನ್ನದಲ್ಲಿ ಸೇರುತ್ತದೆ, ಮಗಳು ಕಟ್ಟುವ ತೆರಿಗೆಯೂ ಲೆಕ್ಕಕ್ಕೆ ಬರುತ್ತದೆ, ಆ ಸಂಬಳವನ್ನು ಸಾಧ್ಯವಾಗಿಸಿದ ಅಜ್ಜಿಯ ಹತ್ತು ಗಂಟೆಯ ದುಡಿಮೆ ಮಾತ್ರ ಯಾವ ಕಾಲಮ್ಮಿನಲ್ಲೂ ಇಲ್ಲ. ಇದಕ್ಕೊಂದು ಸುಲಭದ ಪರಿಹಾರವಿದೆ. ಎದುರುಮನೆಯ ಅಜ್ಜಿಯೊಡನೆ ಒಪ್ಪಂದ ಮಾಡಿಕೊಂಡು ಇವರು ಅವರ ಮೊಮ್ಮಗುವನ್ನೂ ಅವರು ಇವರ ಮೊಮ್ಮಗುವನ್ನೂ ನೋಡಿಕೊಂಡು, ತಿಂಗಳ ಕೊನೆಯಲ್ಲಿ ಪರಸ್ಪರ ಸಮನಾದ ಸಂಬಳವನ್ನು ಬ್ಯಾಂಕಿನ ಮೂಲಕ ಕೊಟ್ಟುಕೊಂಡರೆ ಸಾಕು, ಇಬ್ಬರೂ ಒಮ್ಮೆಲೇ ಉದ್ಯೋಗಸ್ಥರಾಗುತ್ತಾರೆ, ದೇಶದ ಆರ್ಥಿಕತೆ ಬೆಳೆಯುತ್ತದೆ, ಹಣಕಾಸು ಮಂತ್ರಿಗಳು ಭಾಷಣದಲ್ಲಿ ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ಮಕ್ಕಳು ಅತ್ತರೆ ಅದು ಬೆಳವಣಿಗೆಗೆ ತೆರುವ ಬೆಲೆ.

ಮುದುಕರನ್ನು ಕಡಿಮೆ ಮಾಡುವುದು ಬಹಿರಂಗವಾಗಿ ಹೇಳುವಂಥ ನೀತಿಯಲ್ಲವಾದ್ದರಿಂದ ಸರ್ಕಾರಗಳು ಮಕ್ಕಳನ್ನು ಹೆಚ್ಚು ಮಾಡುವ ಕಡೆಗೆ ತಿರುಗಿವೆ. 1972ರಲ್ಲಿ ‘ಎರಡಕ್ಕೇ ನಿಲ್ಲಿಸಿ’ ಎಂದು ಪ್ರಚಾರ ಮಾಡಿದ ಸಿಂಗಪುರ 1987ರಲ್ಲಿ ‘ಶಕ್ತಿಯಿದ್ದರೆ ಮೂರು ಅಥವಾ ಇನ್ನೂ ಹೆಚ್ಚು’ ಎಂದು ಮಾತು ಬದಲಿಸಿತು. ಚೀನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎರಡನೆಯ ಮಗುವಿಗೆ ದಂಡ ಹಾಕುತ್ತಿದ್ದ ದೇಶ 2016ರಲ್ಲಿ ಎರಡಕ್ಕೂ 2021ರಲ್ಲಿ ಮೂರಕ್ಕೂ ಅನುಮತಿ ಕೊಟ್ಟು, 2025ರಲ್ಲಿ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್ ಸಹಾಯಧನವನ್ನು ಘೋಷಿಸಿತು; ಅದೂ ಸಾಲದೆಂದು, 1993ರಿಂದ ತೆರಿಗೆ ವಿನಾಯಿತಿ ಇದ್ದ ಗರ್ಭನಿರೋಧಕಗಳ ಮೇಲೆ 2026ರ ಆರಂಭದಿಂದ 13 ಪ್ರತಿಶತ ಮೌಲ್ಯವರ್ಧಿತ ತೆರಿಗೆಯನ್ನೂ ಹೇರಿತು. ಮಗುವೊಂದನ್ನು ಬೆಳೆಸಿ ಓದಿಸುವ ಖರ್ಚಿಗೆ ಹೆದರಿ ಹಿಂಜರಿಯುವ ದಂಪತಿಗಳು ಕಾಂಡೋಮಿನ ಮೇಲಿನ ತೆರಿಗೆಗೆ ಹೆದರಿ ಮಗುವನ್ನು ಹೆರುತ್ತಾರೆಂಬ ಆರ್ಥಿಕ ಸಿದ್ಧಾಂತಕ್ಕೆ ಯಾರಾದರೂ ಬಹುಮಾನ ಕೊಡಬೇಕು. ದಕ್ಷಿಣ ಕೊರಿಯಾ ವರ್ಷಾನುಗಟ್ಟಲೆ ಪ್ರೋತ್ಸಾಹಧನ ಸುರಿದ ಬಳಿಕವೂ 2023ರಲ್ಲಿ ಅಲ್ಲಿನ ಫಲವತ್ತತೆಯ ದರ, ಅಂದರೆ ಒಬ್ಬ ಹೆಂಗಸು ಸರಾಸರಿ ಹೆರುವ ಮಕ್ಕಳ ಸಂಖ್ಯೆ, 0.72ಕ್ಕೆ ಇಳಿದಿತ್ತು. ನಮ್ಮ ಪಕ್ಕದ ಆಂಧ್ರಪ್ರದೇಶವೂ ಹಿಂದುಳಿದಿಲ್ಲ. ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದೆಂದು 1994ರಲ್ಲಿ ಕಾನೂನು ಮಾಡಿದ ಆ ರಾಜ್ಯ 2024ರಲ್ಲಿ ಅದನ್ನು ರದ್ದುಪಡಿಸಿತು, ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಬೇಕೆಂದು ಕರೆಕೊಟ್ಟರು. ಇಂದು ಹೆತ್ತ ಮಗು ತೆರಿಗೆ ಕಟ್ಟಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು, ಅದೂ ಕೆಲಸ ಸಿಕ್ಕಿದರೆ, ಎಂಬ ವಿವರ ಇಂಥ ಕರೆಗಳಲ್ಲಿ ಇರುವುದಿಲ್ಲ.

ಉಳಿದಿರುವ ದಾರಿಯೆಂದರೆ ಮುದುಕರನ್ನು ಮುದುಕರಾಗಲು ಬಿಡದಿರುವುದು. ಇದರ ಮೂಲಪುರುಷ ಜರ್ಮನಿಯ ಚಾನ್ಸೆಲರ್ ಬಿಸ್ಮಾರ್ಕ್. 1889ರಲ್ಲಿ ಆತನ ಸರ್ಕಾರ ಕಾರ್ಮಿಕರಿಗೆ ವೃದ್ಧಾಪ್ಯ ಪಿಂಚಣಿಯ ಕಾನೂನು ತಂದಾಗ ನಿಗದಿಪಡಿಸಿದ ವಯಸ್ಸು ಎಪ್ಪತ್ತು. ಗಣಿಯಲ್ಲಿ, ಕಾರ್ಖಾನೆಯಲ್ಲಿ ದುಡಿದವರಲ್ಲಿ ಎಪ್ಪತ್ತರ ಮುಖ ಕಂಡವರು ವಿರಳವಾಗಿದ್ದ ಕಾಲದಲ್ಲಿ ಇಷ್ಟು ಅಗ್ಗದ ಔದಾರ್ಯ ಇನ್ನೊಂದಿರಲಾರದು. ಆಗ ಬಿಸ್ಮಾರ್ಕ್‌ಗೆ ಎಪ್ಪತ್ತನಾಲ್ಕು. ಮರುವರ್ಷ ಯುವ ಚಕ್ರವರ್ತಿ ಕೆಳಗಿಳಿಸುವವರೆಗೂ ಆತ ಕುರ್ಚಿ ಬಿಟ್ಟವನಲ್ಲ. 1916ರಲ್ಲಿ ಜರ್ಮನಿ ಆ ವಯಸ್ಸನ್ನು ಅರವತ್ತೈದಕ್ಕೆ ಇಳಿಸಿತು. ಫ್ರಾನ್ಸ್ 1982ರಲ್ಲಿ ಅರವತ್ತಕ್ಕೆ ಇಳಿಸಿ, ಮುಂದೆ ಅರವತ್ತೆರಡಕ್ಕೆ ಏರಿಸಿ, 2023ರಲ್ಲಿ ಅರವತ್ತನಾಲ್ಕೆಂದು ಹೊರಟಾಗ ಲಕ್ಷಾಂತರ ಜನ ಬೀದಿಗಿಳಿದರು, ಸರ್ಕಾರ ಕೆಳಮನೆಯ ಅಂತಿಮ ಮತದಾನವನ್ನೇ ತಪ್ಪಿಸಿ ಸಂವಿಧಾನದ 49.3ನೆಯ ವಿಧಿಯನ್ನು ಬಳಸಿ ಕಾನೂನು ಮಾಡಿತು. 2025ರ ಮೇ ತಿಂಗಳಿನಲ್ಲಿ ಡೆನ್ಮಾರ್ಕಿನ ಸಂಸತ್ತು 2040ರ ವೇಳೆಗೆ ನಿವೃತ್ತಿಯ ವಯಸ್ಸು ಎಪ್ಪತ್ತಾಗಬೇಕೆಂದು ತೀರ್ಮಾನಿಸಿತು. ಒಂದೂವರೆ ಶತಮಾನದ ಪ್ರಗತಿಯ ಬಳಿಕ ಬಿಸ್ಮಾರ್ಕ್ ಹೇಳಿದ ಸಂಖ್ಯೆಗೇ ಬಂದು ತಲುಪುವ ಭಾಗ್ಯ ಅಲ್ಲಿಯವರದು.

ಗಣಿತ ಸುಳ್ಳಲ್ಲ ಎಂಬುದನ್ನು ಒಪ್ಪಲೇಬೇಕು. ಇಂದು ದುಡಿಯುವವರ ವಂತಿಗೆಯಿಂದ ಇಂದಿನ ನಿವೃತ್ತರಿಗೆ ಪಿಂಚಣಿ ಕೊಡುವ ವ್ಯವಸ್ಥೆಯಲ್ಲಿ ಕೊಡುವವರು ಕಡಿಮೆಯಾಗಿ ಪಡೆಯುವವರು ಹೆಚ್ಚಾದರೆ ಎಲ್ಲಾದರೂ ಒಂದು ಕಡೆ ಕತ್ತರಿ ಬೀಳಲೇಬೇಕು. ವಿಚಿತ್ರವೆಂದರೆ ಆ ಕತ್ತರಿ ಬೀಳುವ ಜಾಗ. ನಿವೃತ್ತಿಯ ವಯಸ್ಸನ್ನು ಏರಿಸಬೇಕೆಂದು ಶಿಫಾರಸು ಮಾಡುವವರು ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು ಕೆಲಸ ಮಾಡುವವರು; ಅವರಿಗೆ ಎಪ್ಪತ್ತರಲ್ಲಿಯೂ ಇನ್ನೊಂದು ಸಮಿತಿಯ ಅಧ್ಯಕ್ಷತೆ ಸಿಗುತ್ತದೆ. ಇಪ್ಪತ್ತರಿಂದ ಸಿಮೆಂಟಿನ ಮೂಟೆ ಹೊತ್ತವನ ಮಂಡಿಗೆ ಐವತ್ತೈದಕ್ಕೇ ನಿವೃತ್ತಿಯಾಗಿರುತ್ತದೆ, ಆದೇಶ ಮಾತ್ರ ಇನ್ನೂ ಬಂದಿರುವುದಿಲ್ಲ. ಬಡವರು ಬೇಗ ಸಾಯುತ್ತಾರೆ, ಉಳ್ಳವರು ಹೆಚ್ಚು ಕಾಲ ಬದುಕುತ್ತಾರೆ. ಇಬ್ಬರ ಆಯುಸ್ಸನ್ನೂ ಕೂಡಿಸಿ ಸರಾಸರಿ ತೆಗೆದು, ಸರಾಸರಿ ಏರಿತೆಂದು ಬೇಗ ಸಾಯುವವನನ್ನು ಇನ್ನೆರಡು ವರ್ಷ ದುಡಿಸುವುದಕ್ಕೆ ಸುಧಾರಣೆ ಎಂಬ ಹೆಸರಿದೆ. ನಲವತ್ತೈದು ದಾಟಿದವರ ಅರ್ಜಿಯನ್ನು ತೆರೆದೂ ನೋಡದ ಕಂಪನಿಗಳು ಅರವತ್ತೊಂಬತ್ತರವರಿಗೆ ಯಾವ ಕೆಲಸ ಕೊಡುತ್ತವೆಂಬುದು ಶಿಫಾರಸಿನ ವ್ಯಾಪ್ತಿಗೆ ಬರುವುದಿಲ್ಲ.

ಈ ವಿಷಯದಲ್ಲಿ ಮನಸ್ಸಿನಲ್ಲಿದ್ದುದನ್ನು ಬಾಯಿಬಿಟ್ಟು ಹೇಳಿದವರು ಜಪಾನಿನ ತಾರೊ ಆಸೊ. 2013ರ ಜನವರಿಯಲ್ಲಿ ಹಣಕಾಸು ಮಂತ್ರಿಯಾಗಿದ್ದ ಅವರು ಸಾಮಾಜಿಕ ಭದ್ರತೆಯ ಸುಧಾರಣೆಯ ಸಭೆಯೊಂದರಲ್ಲಿ, ವೃದ್ಧರು ಬೇಗನೆ ಸಾಯಲು ಅವಕಾಶವಿರಬೇಕು, ಸರ್ಕಾರದ ದುಡ್ಡಿನಲ್ಲಿ ಜೀವ ಹಿಡಿದಿಟ್ಟರೆ ನೆಮ್ಮದಿಯಾಗಿ ನಿದ್ದೆ ಬರುವುದಿಲ್ಲ ಎಂಬರ್ಥದ ಮಾತಾಡಿ, ಗದ್ದಲವಾದ ಮೇಲೆ ಅದು ತಮ್ಮ ವೈಯಕ್ತಿಕ ಅಪೇಕ್ಷೆಯಷ್ಟೇ ಎಂದು ಸಮಜಾಯಿಷಿ ಕೊಟ್ಟರು. ಆಗ ಅವರಿಗೆ ಎಪ್ಪತ್ತೆರಡು. 2025ರ ಅಕ್ಟೋಬರಿನಲ್ಲಿ, ಎಂಬತ್ತೈದರ ಹರೆಯದಲ್ಲಿ, ಅವರು ಆಳುವ ಪಕ್ಷದ ಉಪಾಧ್ಯಕ್ಷರಾಗಿ ನೇಮಕಗೊಂಡರು. ರಾಜಕಾರಣಿಗಳು ಯಾವ ಅನುಪಾತದಲ್ಲೂ ಅವಲಂಬಿತರಲ್ಲ.

ಇತ್ತ ಬದುಕಿರುವವರು ಬದುಕಿದ್ದೇವೆಂದು ಸಾಬೀತು ಮಾಡುವ ಜವಾಬ್ದಾರಿಯೂ ಬದುಕಿರುವವರದೇ. ನಮ್ಮ ದೇಶದ ಸರ್ಕಾರಿ ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟ್ ಸಲ್ಲಿಸಬೇಕು; ಎಂಬತ್ತು ದಾಟಿದವರಿಗೆ ಅಕ್ಟೋಬರ್ 1ರಿಂದಲೇ, ಅಂದರೆ ಒಂದು ತಿಂಗಳು ಮುಂಚಿತವಾಗಿ ಜೀವಂತವಾಗಿರುವ ವಿಶೇಷ ಸೌಲಭ್ಯವಿದೆ. 2014ರಿಂದ ಇದು ಡಿಜಿಟಲ್ ರೂಪದಲ್ಲೂ ಲಭ್ಯ. ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. “ಅಜ್ಜಿ, ಹೆಬ್ಬೆಟ್ಟು ಬರ್ತಾ ಇಲ್ಲ, ಸೆರಗಿಗೆ ಒರೆಸಿ ಇನ್ನೊಂದ್ಸಲ ಇಡಿ” ಎಂದು ಕೌಂಟರಿನ ಹುಡುಗ ಮೂರನೆಯ ಸಲ ಹೇಳುವಾಗ, ಎದುರಿಗೆ ನಿಂತು ಉಸಿರಾಡುತ್ತಿರುವ, ಅವನೊಡನೆ ಮಾತನ್ನೂ ಆಡುತ್ತಿರುವ ಆ ಹೆಂಗಸು ದಾಖಲೆಯ ದೃಷ್ಟಿಯಲ್ಲಿ ಇನ್ನೂ ಸಂದೇಹಾಸ್ಪದಳು. ಹೆಬ್ಬೆಟ್ಟು ಸೋತವರಿಗಾಗಿ ಮುಖ ಗುರುತಿಸುವ ವ್ಯವಸ್ಥೆ ಬಂದಿದೆ, ಅದಕ್ಕೆ ಸ್ಮಾರ್ಟ್‌ಫೋನು ಬೇಕು, ಸ್ಮಾರ್ಟ್‌ಫೋನಿಗೆ ಮೊಮ್ಮಗ ಬೇಕು, ಮೊಮ್ಮಗನಿಗೆ ಪುರುಸೊತ್ತು ಬೇಕು. ಜಪಾನಿನವರದು ಇದರ ತದ್ವಿರುದ್ಧ ಸಮಸ್ಯೆ. 2010ರಲ್ಲಿ ಟೋಕಿಯೊದ ಅತ್ಯಂತ ಹಿರಿಯ ಪುರುಷನೆಂದು ದಾಖಲಾಗಿದ್ದ 111 ವರ್ಷದವರೊಬ್ಬರು ಸುಮಾರು ಮೂವತ್ತು ವರ್ಷಗಳ ಹಿಂದೆಯೇ ತೀರಿಕೊಂಡು ಮನೆಯ ಹಾಸಿಗೆಯಲ್ಲೇ ಒಣಗಿಹೋಗಿದ್ದುದು ಬಯಲಾಗಿ, ಆಮೇಲೆ ದೇಶದಾದ್ಯಂತ ಕುಟುಂಬ ದಾಖಲೆಗಳನ್ನು ತಡಕಿದಾಗ ಎಲ್ಲಿದ್ದಾರೆಂದೇ ತಿಳಿಯದ ಶತಾಯುಷಿಗಳು 2,34,354 ಮಂದಿ ಸಿಕ್ಕಿದರು. ಅವರಲ್ಲಿ 884 ಮಂದಿಗೆ ಕಾಗದದ ಮೇಲೆ ನೂರೈವತ್ತು ದಾಟಿತ್ತು. ಇವರೆಲ್ಲ ಪಿಂಚಣಿ ಪಡೆಯುತ್ತಿದ್ದರೆಂದಲ್ಲ, ಬಹಳಷ್ಟು ಮಂದಿ ಯಾವತ್ತೋ ಸತ್ತು ದಾಖಲೆಯಲ್ಲಿ ಮಾತ್ರ ಉಳಿದವರು. ಆದರೂ ಯಾವ ಬೇಡಿಕೆಯೂ ಇಲ್ಲದ ಇಂಥ ಆದರ್ಶ ವೃದ್ಧರನ್ನು ಪಟ್ಟಿಯಿಂದ ತೆಗೆಯುವಾಗ ಅಧಿಕಾರಿಗಳಿಗೆ ಸಂಕಟವಾಗಿದ್ದರೆ ಆಶ್ಚರ್ಯವಿಲ್ಲ.

ಹಣದಿಂದ ಆಗದ್ದನ್ನು ಮಮತೆಯಿಂದ ಮಾಡಿಸಬಹುದೆಂದು ಕಂಡುಕೊಂಡ ಸರ್ಕಾರಗಳೂ ಇವೆ. ಚೀನಾದಲ್ಲಿ 2013ರ ಜುಲೈ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ದೂರದಲ್ಲಿರುವ ಮಕ್ಕಳು ಹೆತ್ತವರನ್ನು ‘ಆಗಾಗ’ ಕಂಡು ಬರಬೇಕು ಅಥವಾ ಕ್ಷೇಮ ವಿಚಾರಿಸಬೇಕು. ಅದೇ ದಿನ ವುಶಿ ನಗರದ ನ್ಯಾಯಾಲಯವೊಂದು ಮಗಳೊಬ್ಬಳಿಗೆ ಕನಿಷ್ಠ ಎರಡು ತಿಂಗಳಿಗೊಮ್ಮೆ ತಾಯಿಯನ್ನು ನೋಡಬೇಕೆಂದು ಆದೇಶಿಸಿತು. ರಜೆ ಕೊಡದ ಮಾಲೀಕನಿಗೆ ಯಾರೂ ನೋಟಿಸು ಕಳಿಸಿದ ಹಾಗಿಲ್ಲ. ಭಾರತದಲ್ಲಿ ಈ ಕೆಲಸವನ್ನು 2007ರ ಪಾಲಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆ ಮಾಡುತ್ತದೆ. ಹೆತ್ತವರನ್ನು ತೊರೆದವರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಜೀವನಾಂಶವಾಗಿ ಮಕ್ಕಳಿಂದ ತಿಂಗಳಿಗೆ ಹತ್ತು ಸಾವಿರ ರೂಪಾಯಿಯವರೆಗೆ ಕೊಡಿಸಲು ಅದರಲ್ಲಿ ಅವಕಾಶವಿದೆ. ಕಾಯ್ದೆ ಅಗತ್ಯವಾದದ್ದೇ, ಅದರಿಂದ ಊಟ ಕಂಡ ಹಿರಿಯರಿದ್ದಾರೆ. ಸರ್ಕಾರವೆಂಬ ಹಿರಿಮಗನಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾದ ನೆಪದಲ್ಲಿ ನಿಂತ ಹಿರಿಯ ನಾಗರಿಕರ ರೈಲು ರಿಯಾಯಿತಿ ಕೊರೊನಾ ಹೋದರೂ ಮರಳಿ ಬರಲಿಲ್ಲ. ಬಡತನ ರೇಖೆಗಿಂತ ಕೆಳಗಿರುವ ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನ ವೃದ್ಧರಿಗೆ ರಾಷ್ಟ್ರೀಯ ವೃದ್ಧಾಪ್ಯ ವೇತನ ಯೋಜನೆಯಲ್ಲಿ ಕೇಂದ್ರ ಕೊಡುವ ಪಾಲು ತಿಂಗಳಿಗೆ ಇನ್ನೂರು ರೂಪಾಯಿ. 2007ರಲ್ಲಿಯೂ ಅದು ಇನ್ನೂರೇ ಇತ್ತು. ಮೇಲಿನದನ್ನು ರಾಜ್ಯಗಳು ತಮ್ಮ ತಮ್ಮ ಶಕ್ತಿಗೆ, ಅಥವಾ ಚುನಾವಣೆಯ ಹತ್ತಿರಕ್ಕೆ, ತಕ್ಕಂತೆ ಸೇರಿಸಿಕೊಳ್ಳಬಹುದು. ಇನ್ನೂರು ಸಾಲದೆನ್ನುವವರಿಗೆ ಯೋಜನೆಯಲ್ಲಿ ಬಡ್ತಿಯೂ ಉಂಟು: ಎಂಬತ್ತು ವರ್ಷ ತುಂಬಿದ ಕೂಡಲೇ ಕೇಂದ್ರದ ಪಾಲು ಐನೂರಕ್ಕೇರುತ್ತದೆ. ಮುನ್ನೂರು ರೂಪಾಯಿಯ ಬಡ್ತಿಗೆ ಇಪ್ಪತ್ತು ವರ್ಷದ ಸೇವೆ, ಸೇವಾವಧಿಯಲ್ಲಿ ಸಾಯುವಂತಿಲ್ಲ.